ಡಿಪ್ಲೊಮಾ ಮಕ್ಕಳ ಕೈಗೊಂದು ಆಸಿಲೋಸ್ಕೋಪ್ ಕೊಡಿ

ಮಲೆನಾಡಿನಲ್ಲಿ ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲು ಶುರುವಾಯಿತೆಂದರೆ ಎಲೆಕ್ಟ್ರಾನಿಕ್ಸ್ ರಿಪೇರಿಯವರಿಗೆ ಕೈತುಂಬ ಕೆಲಸ. ಸುಟ್ಟ ಸೆಟ್‌ಟಾಪ್ ಬಾಕ್ಸ್, ದೀಪವೇ ಹತ್ತದ ವೈಫೈ ರೂಟರ್, ಕರೆಂಟ್ ಹೋದ ಹೊತ್ತಿಗೇ ಕೈಕೊಡುವ ಯುಪಿಎಸ್, ಅಡಿಕೆ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಎಲ್ಲವೂ ಶಿವಮೊಗ್ಗ, ಭದ್ರಾವತಿಯ ಸಣ್ಣ ಸಣ್ಣ ಅಂಗಡಿಗಳ ಮೇಜಿಗೆ ಬಂದು ಕೂರುತ್ತವೆ. ಆ ಮೇಜಿನ ಮೇಲೆ ಸೋಲ್ಡರಿಂಗ್ ಐರನ್ ಇರುತ್ತದೆ, ಫ್ಲಕ್ಸ್ ಇರುತ್ತದೆ, ಹಳೆಯ ಬೋರ್ಡುಗಳಿಂದ ಕಿತ್ತಿಟ್ಟ ಐಸಿಗಳ ಡಬ್ಬ ಇರುತ್ತದೆ. ಅಳೆಯುವುದಕ್ಕೆ ಮಾತ್ರ ಸಾಮಾನ್ಯವಾಗಿ ಒಂದೇ ಸಾಧನ, ಮಲ್ಟಿಮೀಟರ್.

ಮೀಟರ್ ಒಳ್ಳೆಯ ಸಾಧನವೇ. ಆದರೆ ಅದು ಹೇಳುವುದು ಒಂದು ಸಂಖ್ಯೆಯನ್ನು ಮಾತ್ರ. ಪದೇ ಪದೇ ತಾನಾಗಿಯೇ ಆಫ್ ಆಗಿ ಆನ್ ಆಗುವ ಸೆಟ್‌ಟಾಪ್ ಬಾಕ್ಸೊಂದು ರಿಪೇರಿಗೆ ಬಂದಿದೆ ಎಂದುಕೊಳ್ಳೋಣ. ಅಡಾಪ್ಟರಿನ ತುದಿಗೆ ಮೀಟರ್ ಹಿಡಿದರೆ 12 ವೋಲ್ಟ್ ಎನ್ನುತ್ತದೆ. ಸಪ್ಲೈ ಸರಿಯಿದೆ, ಬೋರ್ಡೇ ಹೋಗಿರಬೇಕು ಎಂಬ ತೀರ್ಮಾನ ಅಲ್ಲಿಂದ ಹುಟ್ಟುತ್ತದೆ. ಗ್ರಾಹಕ ಹೊಸ ಬಾಕ್ಸಿಗೆ ದುಡ್ಡು ಹೊಂದಿಸುತ್ತಾನೆ. ನಿಜದಲ್ಲಿ ಕೆಟ್ಟಿರುವುದು ಅಡಾಪ್ಟರಿನ ಒಳಗಿರುವ ಪುಡಿಗಾಸಿನ ಕಂಡೆನ್ಸರ್ ಇರಬಹುದು. ಒಳಗಿನ ದ್ರವ ಒಣಗಿದ ಕಂಡೆನ್ಸರಿಗೆ ವೋಲ್ಟೇಜನ್ನು ಸಮತಟ್ಟಾಗಿ ಹಿಡಿದಿಡುವ ಶಕ್ತಿ ಇರುವುದಿಲ್ಲ. ಲೋಡ್ ಬಿದ್ದ ಕೂಡಲೇ ಆ 12 ವೋಲ್ಟ್ ಸೆಕೆಂಡಿಗೆ ಸಾವಿರಾರು ಸಲ ಕುಸಿದು ಏಳುತ್ತಿರುತ್ತದೆ. ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಓದಿ ಸರಾಸರಿ ಹೇಳುವ ಸಾಧನವಾದ್ದರಿಂದ ಈ ಏರಿಳಿತ ಅದಕ್ಕೆ ಕಾಣುವುದೇ ಇಲ್ಲ. ವೋಲ್ಟೇಜು ಕ್ಷಣಕ್ಷಣಕ್ಕೂ ಹೇಗೆ ಬದಲಾಗುತ್ತಿದೆ ಎಂಬುದನ್ನು ಗೆರೆ ಎಳೆದು ತೋರಿಸುವ ಸಾಧನ ಬೇಕು. ಅದೇ ಆಸಿಲೋಸ್ಕೋಪ್.

ಡಿಪ್ಲೊಮಾ, ಬಿಎಸ್‌ಸಿ ಓದಿದವರಿಗೆ ಇದು ಸಿಆರ್‌ಒ ಎಂಬ ಹೆಸರಿನಲ್ಲಿ ಗೊತ್ತು. ಲ್ಯಾಬಿನ ಮೇಜಿನ ಮೇಲೆ ಹಸಿರು ಗೆರೆ ಓಡಿಸುತ್ತಿದ್ದ ಆ ದೊಡ್ಡ ಪೆಟ್ಟಿಗೆಯ ಸುತ್ತ ನಾಲ್ಕೈದು ಮಂದಿ ನಿಲ್ಲುತ್ತಿದ್ದರು. ಗುಂಡಿ ತಿರುಗಿಸುವ ಅವಕಾಶ ಒಬ್ಬರಿಗೆ, ನೋಡುವ ಅವಕಾಶ ಉಳಿದವರಿಗೆ. ಲಿಸಾಜು ಆಕೃತಿಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಬಿಡಿಸಿ, ಸಹಿ ಹಾಕಿಸಿಕೊಂಡು ಹೊರಬಂದ ಮೇಲೆ ಆ ಸಾಧನವನ್ನು ಮತ್ತೆ ಮುಟ್ಟದೆಯೇ ಜೀವನ ಕಳೆದ ಎಲೆಕ್ಟ್ರಾನಿಕ್ಸ್ ಪದವೀಧರರು ಬೇಕಾದಷ್ಟು ಮಂದಿ ಇದ್ದಾರೆ. ತಪ್ಪು ಅವರದಲ್ಲ. ಸಾಧನ ದುಬಾರಿ, ಅದಕ್ಕೇ ಬೀಗದೊಳಗೆ. ಜರ್ಮನಿಯ ಫರ್ಡಿನಾಂಡ್ ಬ್ರೌನ್ 1897ರಲ್ಲಿ ಕ್ಯಾಥೋಡ್ ಕಿರಣದ ಕೊಳವೆ ಮಾಡಿ ತೋರಿಸಿದಂದಿನಿಂದಲೂ ಇದು ದೊಡ್ಡ ಪ್ರಯೋಗಾಲಯಗಳ ಸೊತ್ತಾಗಿಯೇ ಉಳಿಯಿತು. 1947ರಲ್ಲಿ ಅಮೆರಿಕದ ಟೆಕ್ಟ್ರಾನಿಕ್ಸ್ ಕಂಪನಿ ಹೊರತಂದ ಹೆಸರಾಂತ 511 ಮಾದರಿಯ ಬೆಲೆ 795 ಡಾಲರ್. ಅಂದಿನ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ. ಈಗಲೂ ಮೇಜಿನ ಮೇಲಿಡುವ ಒಂದು ಸಾಧಾರಣ ಡಿಜಿಟಲ್ ಆಸಿಲೋಸ್ಕೋಪಿಗೆ ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ಬೇಕು. ರಿಪೇರಿ ಅಂಗಡಿಯವರಿಗೆ, ಹಾಸ್ಟೆಲಿನಲ್ಲಿದ್ದು ಓದುವ ಹುಡುಗನಿಗೆ ಅದು ಎಟುಕದ ದುಡ್ಡು.

ಈ ಪರಿಸ್ಥಿತಿ ಬದಲಾಗಿ ಕೆಲವು ವರ್ಷಗಳೇ ಆದವು, ಆದರೆ ನಮ್ಮ ಪಾಠಕ್ರಮ ಅದನ್ನು ಗಮನಿಸಿದಂತಿಲ್ಲ. ಚೀನಾದ ಗುಯಿಲಿನ್ ನಗರದ ಜೆವೈಇ ಟೆಕ್ ಎಂಬ ಸಣ್ಣ ಕಂಪನಿ ಡಿಎಸ್‌ಒ138 ಎಂಬ ಕಿಟ್ ಮಾಡಿತು. ನಮ್ಮ ದೇಶದ ಆನ್‌ಲೈನ್ ಅಂಗಡಿಗಳಲ್ಲಿ ಅದಕ್ಕೆ ಎರಡು ಸಾವಿರ ರೂಪಾಯಿಯ ಆಸುಪಾಸು. ಬಿಡಿ ಭಾಗಗಳ ಪೊಟ್ಟಣವಾಗಿ ಬರುತ್ತದೆ. ಬೆಸೆದು ಜೋಡಿಸಿಕೊಂಡರೆ ಅಂಗಿಯ ಜೇಬಿಗೆ ಹಿಡಿಸುವಷ್ಟು ಪುಟ್ಟ ಆಸಿಲೋಸ್ಕೋಪ್ ಆಗುತ್ತದೆ. ಶಿವಮೊಗ್ಗ ಜಿಲ್ಲೆಯ ಪಾಲಿಟೆಕ್ನಿಕ್ ಮತ್ತು ಐಟಿಐಗಳು ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್ ಓದುವ ಪ್ರತಿ ವಿದ್ಯಾರ್ಥಿಗೂ ಇಂಥದೊಂದು ಕಿಟ್ ಕೊಡಬೇಕು. ಅವರ ಕೈಯಿಂದಲೇ ಜೋಡಿಸಿಸಬೇಕು. ಮುಖ್ಯವಾಗಿ, ಜೋಡಿಸಿದ್ದನ್ನು ವಾಪಸು ಕೇಳದೆ ಅವರದಾಗಿಯೇ ಮನೆಗೆ ಕಳಿಸಬೇಕು.

ಜೋಡಿಸುವ ಕೆಲಸವೇ ಅರ್ಧ ಪಾಠ. ಪೊಟ್ಟಣದಲ್ಲಿ ಎರಡು ಬೋರ್ಡುಗಳಿರುತ್ತವೆ. ಒಂದರಲ್ಲಿ 2.4 ಇಂಚಿನ ಬಣ್ಣದ ಪರದೆ. ಇನ್ನೊಂದು ಮುಖ್ಯ ಬೋರ್ಡು. ಅದರ ಮೇಲೆ ಎಸ್‌ಟಿಎಂ32 ಮೈಕ್ರೋಕಂಟ್ರೋಲರ್. ಈ ಚಿಪ್ಪಿಗೆ 48 ಕಾಲು, ಒಂದರಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರ್ ದೂರ. ಹೊಸಬರ ಕೈಗೆ ಅದು ಆಗುವ ಕೆಲಸವಲ್ಲ, ಆದ್ದರಿಂದ ಕಂಪನಿಯವರೇ ಬೆಸೆದು ಕಳಿಸುವ ಮಾದರಿಯನ್ನೇ ಕೊಳ್ಳಬೇಕು. ಉಳಿದದ್ದೆಲ್ಲ ಕಾಲುಳ್ಳ ಹಳೇ ಪದ್ಧತಿಯ ಭಾಗಗಳು: ರೆಸಿಸ್ಟರ್, ಕಂಡೆನ್ಸರ್, ಕಾಯಿಲ್, ಟ್ರಾನ್ಸಿಸ್ಟರ್, ಸ್ವಿಚ್ಚು, ಬಿಎನ್‌ಸಿ ಸಾಕೆಟ್. ತೂತಿಗೆ ಕಾಲು ತೂರಿಸಿ, ಹಿಂದಿನಿಂದ ಐರನ್ ಹಿಡಿದು, ಲೆಡ್ ಕರಗಿಸಿ, ಉಳಿದ ಕಾಲು ಕತ್ತರಿಸುವ ಕೆಲಸ.

ಎತ್ತರ ಕಡಿಮೆಯಿರುವ ಭಾಗಗಳನ್ನು ಮೊದಲು, ಎತ್ತರದವನ್ನು ಕೊನೆಗೆ ಕೂರಿಸಬೇಕು. ರೆಸಿಸ್ಟರುಗಳು ಮೊದಲು ಬರುತ್ತವೆ. ನೀಲಿ ಮೈಯ ಮೇಲೆ ಐದು ಬಣ್ಣದ ಪಟ್ಟಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಂದು, ಕೆಂಪು, ಕಿತ್ತಳೆ ಎಲ್ಲ ಒಂದೇ ಥರ. ಪುಸ್ತಕದಲ್ಲಿ ಬಣ್ಣದ ಕೋಡನ್ನು ಬಾಯಿಪಾಠ ಮಾಡಿದ ಹುಡುಗಿ ಇಲ್ಲಿ ಕಲಿಯುವುದು ಬೇರೆಯದನ್ನು: ಒಂದೊಂದನ್ನೂ ಮೀಟರಿನಲ್ಲಿ ಅಳೆದ ಮೇಲೆಯೇ ಬೋರ್ಡಿಗೆ ಹಾಕಬೇಕು. ಆಮೇಲೆ ನಿಜವಾದ ಪರೀಕ್ಷೆ. 78ಎಲ್05 ಮತ್ತು 79ಎಲ್05 ಎಂಬ ಎರಡು ರೆಗ್ಯುಲೇಟರುಗಳು ಈ ಕಿಟ್‌ನಲ್ಲಿವೆ. ಒಂದು ಧನ 5 ವೋಲ್ಟ್ ಕೊಡುತ್ತದೆ, ಇನ್ನೊಂದು ಋಣ 5 ವೋಲ್ಟ್. ನೋಡಲು ಎರಡೂ ಒಂದೇ, ಮೂರು ಕಾಲಿನ ಕಪ್ಪು ಭಾಗಗಳು. ಟ್ರಾನ್ಸಿಸ್ಟರುಗಳೂ ಅದೇ ಆಕಾರದವು. ಮೈಮೇಲಿನ ಸಣ್ಣ ಅಕ್ಷರ ಓದದೆ ಕೂರಿಸಿದರೆ ಸರ್ಕ್ಯೂಟ್ ಕೆಲಸ ಮಾಡದು. ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನ ಉದ್ದ ಕಾಲು ಯಾವುದು, ಡಯೋಡಿನ ಪಟ್ಟಿ ಯಾವ ಕಡೆಗೆ ಎಂಬುದನ್ನು ಬರೆದು ನೂರು ಅಂಕ ತೆಗೆದವರಿಗೂ ಕೈಯಲ್ಲಿ ಹಿಡಿದಾಗ ಒಂದು ಕ್ಷಣ ಅನುಮಾನ ಬರುತ್ತದೆ. ಆ ಅನುಮಾನ ಬರುವುದು ಒಳ್ಳೆಯದು.

ಎಲ್ಲ ಕೂರಿಸಿದ ಮೇಲೆ ಪರದೆ ಹಾಕುವ ಆತುರ ಇರುತ್ತದೆ. ಕಿಟ್‌ನ ಕ್ರಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಮೊದಲು 9 ವೋಲ್ಟ್ ಕೊಟ್ಟು, ನಿಗದಿತ ಜಾಗದಲ್ಲಿ ಮೀಟರ್ ಇಟ್ಟು, 3.3 ವೋಲ್ಟ್ ಬಂದಿದೆಯೇ ನೋಡಬೇಕು. ಬಂದಿದ್ದರೆ ಮಾತ್ರ ಜೆಪಿ4 ಎಂಬ ಜಾಗವನ್ನು ಲೆಡ್‌ನಿಂದ ಮುಚ್ಚಬೇಕು. ಆಗ ಮೈಕ್ರೋಕಂಟ್ರೋಲರಿಗೆ ಸಪ್ಲೈ ಸಿಗುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಹೊಸ ಯಂತ್ರ ಚಾಲೂ ಮಾಡುವಾಗಲೂ ಕ್ರಮ ಇದೇ: ಮೊದಲು ಸಪ್ಲೈ ಪರೀಕ್ಷೆ, ಆಮೇಲೆ ಲೋಡ್.

ಪರದೆಯಲ್ಲಿ ಗೆರೆ ಮೂಡಿತು. ಕೆಲಸ ಇನ್ನೂ ಮುಗಿದಿಲ್ಲ. ಕತ್ತರಿಸಿ ಉಳಿದ ಒಂದು ತಂತಿಯ ತುಂಡನ್ನು ಬಗ್ಗಿಸಿ ಬೋರ್ಡಿಗೆ ಬೆಸೆದಿರಬೇಕು, ಅಲ್ಲಿ ಸೆಕೆಂಡಿಗೆ ಸಾವಿರ ಸಲ ಏರಿಳಿಯುವ ಪರೀಕ್ಷಾ ಸಿಗ್ನಲ್ ಸಿಗುತ್ತದೆ. ಕೆಂಪು ಕ್ಲಿಪ್ ಅದಕ್ಕೆ ಸಿಕ್ಕಿಸಿದರೆ ಚೌಕ ಅಲೆ ಕಾಣಬೇಕು. ಮೊದಲ ಸಲ ಅದರ ಮೂಲೆಗಳು ದುಂಡಗಿರುತ್ತವೆ, ಇಲ್ಲವೇ ಮೂಲೆಯಲ್ಲಿ ಚೂಪು ಕೊಂಬು ಎದ್ದಿರುತ್ತದೆ. ಸಿ4, ಸಿ6 ಎಂಬ ಎರಡು ಪುಟ್ಟ ಟ್ರಿಮ್ಮರುಗಳನ್ನು ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ ಮೂಲೆ ನೆಟ್ಟಗಾಗುವ ತನಕ ಹೊಂದಿಸಬೇಕು. ಅಳೆಯುವ ಸಾಧನವನ್ನೇ ಮೊದಲು ಅಳೆದು ಸರಿಪಡಿಸಿಕೊಳ್ಳಬೇಕು ಎಂಬ ತಿಳಿವಳಿಕೆ ಅಲ್ಲಿ ಬೆರಳಿನ ಮೂಲಕ ಬರುತ್ತದೆ. ಬೀರುವಿನಿಂದ ಹೊರತೆಗೆದು, ಎಲ್ಲ ಹೊಂದಿಸಿ, ಮೇಜಿನ ಮೇಲಿಟ್ಟ ಸಿಆರ್‌ಒ ಇದನ್ನು ಕಲಿಸಲಾರದು.

ಹಾಗೆಂದು ಈ ಪುಟ್ಟ ಸಾಧನದ ಬಗ್ಗೆ ಇಲ್ಲದ್ದನ್ನು ಹೇಳಬಾರದು. ಇದರ ಮಿತಿಯನ್ನು ಅರ್ಥಮಾಡಿಕೊಳ್ಳಲು ಭದ್ರಾವತಿಗಿಂತ ಒಳ್ಳೆಯ ಊರಿಲ್ಲ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯ ದನಿ ದಶಕಗಳ ಕಾಲ ಮಲೆನಾಡಿಗೆ ತಲುಪಿದ್ದು 675 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ. ಡಿಎಸ್‌ಒ138 ಸರಿಯಾಗಿ ತೋರಿಸಬಲ್ಲದ್ದು 200 ಕಿಲೋಹರ್ಟ್ಸ್‌ವರೆಗೆ. ಸೆಕೆಂಡಿಗೆ ಹೆಚ್ಚೆಂದರೆ ಹತ್ತು ಲಕ್ಷ ಸಲ ಮಾತ್ರ ಅದು ವೋಲ್ಟೇಜನ್ನು ಓದುತ್ತದೆ. 675 ಕಿಲೋಹರ್ಟ್ಸ್ ಅಲೆಯನ್ನು ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ, ಎಂದರೆ ಹದಿಮೂರೂವರೆ ಲಕ್ಷಕ್ಕಿಂತ ಹೆಚ್ಚು ಸಲ ಓದಬೇಕಾಗುತ್ತದೆ. ಹಾಗಿದ್ದೂ ಅಷ್ಟು ವೇಗದ ಸಿಗ್ನಲ್ ಕೊಟ್ಟರೆ ಪರದೆಯಲ್ಲಿ ಏನೂ ಕಾಣದೆ ಹೋಗುವುದಿಲ್ಲ. ಹತ್ತು ಲಕ್ಷದಿಂದ 675 ಸಾವಿರ ಕಳೆದರೆ ಉಳಿಯುವ 325 ಕಿಲೋಹರ್ಟ್ಸ್‌ನ ಒಂದು ಸುಳ್ಳು ಅಲೆ ಮಂಕಾಗಿ ಕಾಣಬಹುದು. ಸಾಧನಕ್ಕೆ ಅದು ಸುಳ್ಳೆಂದು ಗೊತ್ತಿಲ್ಲ, ನೋಡುವವರಿಗೆ ಗೊತ್ತಿರಬೇಕು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಯಾಂಪ್ಲಿಂಗ್ ಪ್ರಮೇಯ ಎಂದು ಸೂತ್ರ ಬರೆಸುತ್ತಾರಲ್ಲ, ಅದರ ತಿರುಳೇ ಇದು. ರೇಡಿಯೋ ಬಿಚ್ಚಿ, ದನಿಯನ್ನು ತರಂಗದಿಂದ ಬೇರ್ಪಡಿಸುವ ಡಿಟೆಕ್ಟರ್ ಆದ ಮೇಲಿನ ಜಾಗಕ್ಕೆ ಕ್ಲಿಪ್ ಸಿಕ್ಕಿಸಿದರೆ ಮಾತ್ರ ಚಿತ್ರ ಬೇರೆ: ವಾರ್ತೆ ಓದುವವರ ದನಿ, ಹಾಡಿನ ನಡುವಿನ ಕೊಳಲು ಗೆರೆಯಾಗಿ ಕುಣಿಯುವುದು ಚೆನ್ನಾಗಿಯೇ ಕಾಣುತ್ತದೆ. ಒಂದೇ ಬೋರ್ಡಿನ ಮೇಲೆ ಈ ಸಾಧನಕ್ಕೆ ಕಾಣದ ಭಾಗ, ಕಾಣುವ ಭಾಗ ಎರಡೂ ಇವೆ.

ಇನ್ನೊಂದು ಮಿತಿ ಪ್ರಾಣಕ್ಕೆ ಸಂಬಂಧಿಸಿದ್ದು. ಡಿಎಸ್‌ಒ138 ತಾಳುವುದು 50 ವೋಲ್ಟ್ ಮಾತ್ರ. ಮನೆಯ ಕರೆಂಟು 230 ವೋಲ್ಟ್. ಅದರ ಅಲೆಯ ತುದಿ 325 ವೋಲ್ಟಿನ ತನಕ ಏರುತ್ತದೆ. ಸಾಧನಕ್ಕೆ ಡಬ್ಬಿಯೂ ಇಲ್ಲ, ಬೋರ್ಡು ಬರಿ ಮೈಯಲ್ಲಿ ಕೈಯಲ್ಲಿರುತ್ತದೆ. ಬ್ಯಾಟರಿಯಲ್ಲಿ ನಡೆಯುತ್ತಿದೆ, ಏನೂ ಆಗದು ಎಂದು ಕಪ್ಪು ಕ್ಲಿಪ್ಪನ್ನು ಫೇಸ್ ತಂತಿಗೆ ತಾಗಿಸಿದರೆ ಇಡೀ ಬೋರ್ಡೇ ಶಾಕ್ ಹೊಡೆಯುತ್ತದೆ. ಪ್ಲಗ್ಗಿನ ತೂತಿಗೆ, ಟಿವಿ ಸಪ್ಲೈನ ಮೇನ್ಸ್ ಭಾಗಕ್ಕೆ, ಸ್ಟಾರ್ಟರ್ ಬೋರ್ಡಿನ ಮೂರು ಫೇಸಿಗೆ ಇದನ್ನು ಎಂದೂ ತಾಗಿಸಕೂಡದು. ಕಿಟ್ ಕೊಡುವ ಮೇಷ್ಟ್ರು ಮೊದಲ ದಿನವೇ, ಐರನ್ ಕಾಯುವ ಮುಂಚೆಯೇ, ಇದನ್ನು ಹೇಳಿ ಬರೆಸಬೇಕು.

ಈ ಮಿತಿಗಳೊಳಗೆ ಇದ್ದುಕೊಂಡು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಮೊದಲು ಹೇಳಿದ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರನ್ನೇ ನೋಡಿ. ಇಂಥ ಅಡಾಪ್ಟರುಗಳು ಸಾಮಾನ್ಯವಾಗಿ 65 ಕಿಲೋಹರ್ಟ್ಸ್ ಸುತ್ತಮುತ್ತ ಕೆಲಸ ಮಾಡುತ್ತವೆ. ಒಂದೊಂದು ಏರಿಳಿತಕ್ಕೂ ಈ ಸಾಧನ ಹದಿನೈದು ಸಲ ಓದುತ್ತದೆ. ಚಿತ್ರ ತುಸು ಒರಟಾಗಿದ್ದರೂ ಕಂಡೆನ್ಸರ್ ಒಣಗಿದ್ದನ್ನು ಹಿಡಿಯಲು ಸಾಕು. ಕಪ್ಲಿಂಗ್ ಸ್ವಿಚ್ಚನ್ನು ಎಸಿಗೆ ತಳ್ಳಿದರೆ ನಿಂತ 12 ವೋಲ್ಟ್ ಬದಿಗೆ ಸರಿದು, ಅದರ ಮೇಲೆ ಕೂತ ಏರಿಳಿತ ಮಾತ್ರ ದೊಡ್ಡದಾಗಿ ಕಾಣುತ್ತದೆ. ಒಳ್ಳೆಯ ಅಡಾಪ್ಟರಿನಲ್ಲಿ ಅದು ಹತ್ತಾರು ಮಿಲಿವೋಲ್ಟ್ ಮಾತ್ರ. ಕೆಟ್ಟದ್ದರಲ್ಲಿ ಒಂದು ವೋಲ್ಟಿಗೂ ಹೋಗಬಹುದು. ಏರಿಳಿತ ನಿಧಾನಕ್ಕೆ, ಸೆಕೆಂಡಿಗೆ ನೂರು ಸಲದಂತೆ ಬರುತ್ತಿದ್ದರೆ ಕೆಟ್ಟಿರುವುದು ಮೇನ್ಸ್ ಕಡೆಯ ದೊಡ್ಡ ಕಂಡೆನ್ಸರ್ ಎಂದು ಊಹಿಸಬಹುದು. ಪೆಟ್ಟಿಗೆ ಬಿಚ್ಚುವ ಮುಂಚೆಯೇ ಯಾವುದನ್ನು ಬದಲಾಯಿಸಬೇಕು ಎಂಬ ಅಂದಾಜು ಸಿಗುತ್ತದೆ, ಗ್ರಾಹಕನ ದುಡ್ಡು ಉಳಿಯುತ್ತದೆ.

ಮಲೆನಾಡಿನ ಅನೇಕ ಮನೆಗಳಲ್ಲಿ ಯುಪಿಎಸ್ ಇದೆ. ಯುಪಿಎಸ್‌ಗೆ ಹಾಕಿದಾಗ ಫ್ಯಾನ್ ಗುಂಯ್ ಎನ್ನುತ್ತದೆ ಎಂಬ ದೂರು ಸಾಮಾನ್ಯ. ಕಾರಣ ಬ್ಯಾಟರಿಯಲ್ಲ, ಅಲೆಯ ಆಕಾರ. ಕಡಿಮೆ ಬೆಲೆಯ ಯುಪಿಎಸ್ ಚೌಕ ಅಲೆ ಕೊಡುತ್ತದೆ, ದುಬಾರಿಯದು ಸೈನ್ ಅಲೆ. ಮೀಟರಿನಲ್ಲಿ ಎರಡೂ 220 ವೋಲ್ಟ್ ಆಜುಬಾಜು. ಎಲ್ಲ ಮುಚ್ಚಿ ಭದ್ರ ಮಾಡಿದ 6 ವೋಲ್ಟಿನ ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಯುಪಿಎಸ್‌ಗೆ ಸಿಕ್ಕಿಸಿ, ಅದರ 6 ವೋಲ್ಟ್ ಕಡೆಯನ್ನು ಮಾತ್ರ ಆಸಿಲೋಸ್ಕೋಪಿಗೆ ಕೊಟ್ಟರೆ ಯಾವ ಅಲೆ ಎಂಬುದು ಒಂದು ನೋಟಕ್ಕೇ ತಿಳಿಯುತ್ತದೆ. ಶುದ್ಧ ಸೈನ್ ಅಲೆ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದು ನಿಜವೋ ಅಲ್ಲವೋ ಎಂದು ನೋಡಿ ಹೇಳಬಲ್ಲವರು ಊರಿಗೊಬ್ಬರು ಇದ್ದರೂ ಕೊಳ್ಳುವವರಿಗೆ ಎಷ್ಟೋ ಧೈರ್ಯ.

ಹೈಸ್ಕೂಲು ಮಕ್ಕಳಿಗೆ ತೋರಿಸಬಹುದಾದ ಪ್ರಯೋಗ ಇನ್ನೂ ಸರಳ, ಅಪಾಯವೇ ಇಲ್ಲದ್ದು. ಕೆಟ್ಟುಹೋದ ತೋಟದ ಸೋಲಾರ್ ದೀಪದಿಂದ ಅಂಗೈ ಅಗಲದ ಪ್ಯಾನೆಲ್ ಕಿತ್ತು ಕ್ಲಿಪ್ಪುಗಳಿಗೆ ಸಿಕ್ಕಿಸಿ ಬಿಸಿಲಿಗೆ ಹಿಡಿದರೆ ನೆಟ್ಟನೆಯ ಗೆರೆ. ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಹಿಡಿದರೆ ಗೆರೆ ಗುಡ್ಡ-ಕಣಿವೆಯಾಗುತ್ತದೆ, ಸೆಕೆಂಡಿಗೆ 100 ಸಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸುವ ಆವರ್ತ ಪೂರೈಸುತ್ತದೆ, ಪ್ರತಿ ಆವರ್ತದಲ್ಲಿ ಎರಡು ಸಲ ಬೆಳಕು ಏರುತ್ತದೆ; ಆದ್ದರಿಂದ ನೂರು. ಕಣ್ಣಿಗೆ ಕಾಣದ ಮಿಣುಕನ್ನು ಮಗು ತನ್ನ ಕೈಯಲ್ಲೇ ಹಿಡಿದಂತಾಗುತ್ತದೆ. ಒಳ್ಳೆಯ ಡ್ರೈವರ್ ಇರುವ ಬಲ್ಬಿನ ಕೆಳಗೆ ಅದೇ ಗೆರೆ ಮತ್ತೆ ನೆಟ್ಟಗಾಗುತ್ತದೆ. ಅಂಗಡಿಯಲ್ಲಿ ಎರಡು ಬಲ್ಬುಗಳ ಬೆಲೆ ಯಾಕೆ ಬೇರೆ ಎಂಬ ಪ್ರಶ್ನೆಗೂ ಅಲ್ಲಿ ಉತ್ತರ ಸಿಗುತ್ತದೆ.

ಗ್ಯಾರೇಜುಗಳ ಮಾತಿಗೆ ಬಂದರೆ, ಅಲ್ಲಿ ಅಗತ್ಯ ಇನ್ನೂ ತುರ್ತಿನದು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಬಹುತೇಕ ಬೈಕು, ಸ್ಕೂಟರುಗಳಲ್ಲಿ ಕಾರ್ಬ್ಯುರೇಟರಿನ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂತು. ಕಿವಿಗೊಟ್ಟು ಕೇಳಿ, ಸ್ಕ್ರೂ ತಿರುಗಿಸಿ ಟ್ಯೂನಿಂಗ್ ಮಾಡುತ್ತಿದ್ದ ಮೆಕ್ಯಾನಿಕ್ಕುಗಳು ಒಮ್ಮೆಲೇ ಸೆನ್ಸರುಗಳ ಮುಂದೆ ನಿಂತರು. ಸ್ಟಾರ್ಟ್ ಆಗದ ಸ್ಕೂಟರಿನಲ್ಲಿ ಕ್ರ್ಯಾಂಕ್ ಸೆನ್ಸರ್ ಸರಿಯಿದೆಯೇ ಎಂದು ಮೀಟರಿನಲ್ಲಿ ನೋಡಿದರೆ ತಿಳಿಯುವುದು ಕಾಯಿಲ್ ತುಂಡಾಗಿಲ್ಲ ಎಂಬುದಷ್ಟೇ. ಆಸಿಲೋಸ್ಕೋಪ್ ಸಿಕ್ಕಿಸಿ ಎಂಜಿನ್ ತಿರುಗಿಸಿದರೆ ಚಕ್ರದ ಒಂದೊಂದು ಹಲ್ಲೂ ಒಂದೊಂದು ಅಲೆಯಾಗಿ ಬರುತ್ತದೆ. ಹಲ್ಲಿಗೆ 24 ಜಾಗ ಇರುವ ಚಕ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 600 ಹಲ್ಲು ಸೆನ್ಸರಿನ ಮುಂದೆ ಹಾದುಹೋಗುವ ಲೆಕ್ಕ. ಈ ಕಿಟ್‌ಗೆ ಅದು ಏನೇನೂ ಅಲ್ಲ. ಬೇಕೆಂದೇ ಬಿಟ್ಟ ಹಲ್ಲಿನ ಜಾಗ ಎಲ್ಲಿದೆ, ಯಾವುದಾದರೂ ಹಲ್ಲಿಗೆ ಕಬ್ಬಿಣದ ಪುಡಿ ಮೆತ್ತಿ ಅಲೆ ಕುಗ್ಗಿದೆಯೇ, ಎಲ್ಲ ಕಾಣುತ್ತದೆ. ಇಂಜೆಕ್ಟರ್ ತಂತಿಗೆ ಮಾತ್ರ ನೇರವಾಗಿ ಸಿಕ್ಕಿಸಬಾರದು, ಅದು ಆಫ್ ಆಗುವ ಗಳಿಗೆಯಲ್ಲಿ 60 ವೋಲ್ಟಿಗೂ ಮೇಲೆ ಚಿಮ್ಮುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಒಳಬಿಡುವ 10ಎಕ್ಸ್ ಪ್ರೋಬ್ ಬೇಕು. ಇಗ್ನಿಷನ್ ಕಾಯಿಲ್ಲಿನ ಹತ್ತಿರಕ್ಕಂತೂ ಹೋಗಲೇಬಾರದು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆ ಇದನ್ನೆಲ್ಲ ಎರಡು ಭಾನುವಾರಗಳಲ್ಲಿ ಕಲಿಸಬಹುದು.

ಭದ್ರಾವತಿಯ ಹೆಸರು ಇಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಆಕಾಶವಾಣಿಯೊಂದೇ ಕಾರಣವಲ್ಲ. ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಇದ್ದಿಲಿನ ಕುಲುಮೆ ಉರಿಯತೊಡಗಿತು. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. ಉಕ್ಕಾಗಲಿ ಕಾಗದವಾಗಲಿ ಅಳತೆಯಿಲ್ಲದೆ ತಯಾರಾಗುವುದಿಲ್ಲ. ಕುಲುಮೆಯ ಶಾಖ, ಉಗಿಯ ಒತ್ತಡ, ಕಾಗದದ ತೇವ, ಮೋಟಾರಿನ ವೇಗ ಎಲ್ಲವನ್ನೂ ಹಗಲು ರಾತ್ರಿ ಅಳೆದು, ಅಳೆಯುವ ಸಾಧನ ಕೆಟ್ಟರೆ ಬಿಚ್ಚಿ ಸರಿಪಡಿಸುವ ಜನ ಆ ಊರಿನಲ್ಲಿ ತಲೆಮಾರುಗಟ್ಟಲೆ ತಯಾರಾದರು. ಕಾಗದ ಕಾರ್ಖಾನೆ ಕಳೆದ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಕಾರ್ಖಾನೆಗಳ ಭವಿಷ್ಯದ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ, ನಡೆಯಲೇಬೇಕು. ಆದರೆ ಆ ಕಾರ್ಖಾನೆಗಳು ಬೆಳೆಸಿದ ಕೈಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಇನ್‌ಸ್ಟ್ರುಮೆಂಟೇಷನ್ ವಿಭಾಗದಲ್ಲಿ ದುಡಿದು ನಿವೃತ್ತರಾದವರಿಗೆ ಪುಸ್ತಕದಲ್ಲಿ ಇಲ್ಲದ ವಿದ್ಯೆ ಗೊತ್ತಿದೆ: ಡ್ರೈ ಸೋಲ್ಡರನ್ನು ಹೊಳಪು ನೋಡಿಯೇ ಗುರುತಿಸುವುದು, ಕೆಟ್ಟ ಬೋರ್ಡಿನಲ್ಲಿ ಯಾವ ತುದಿಯಿಂದ ಹುಡುಕಲು ತೊಡಗಬೇಕು, ಮೀಟರಿನ ಮಾತನ್ನು ಯಾವಾಗ ನಂಬಬಾರದು. ಅದೇ ಊರಿನಲ್ಲಿ ವಿಐಎಸ್‌ಎಸ್‌ಜೆ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಈ ನಿವೃತ್ತರನ್ನು ಗೌರವಧನ ಕೊಟ್ಟು ಅಲ್ಲಿಗೆ ಕರೆಸಿ, ಕಿಟ್ ಜೋಡಿಸುವ ಮಕ್ಕಳ ಪಕ್ಕದಲ್ಲಿ ಕೂರಿಸಿದರೆ ಆ ವಿದ್ಯೆ ಮುಂದಿನ ತಲೆಮಾರಿಗೆ ದಾಟುತ್ತದೆ.

ಖರ್ಚಿನ ಮಾತು. ಒಂದು ತರಗತಿಯಲ್ಲಿ 60 ಮಂದಿ ಎಂದಿಟ್ಟುಕೊಂಡರೆ, ಎರಡು ಸಾವಿರದಂತೆ 1 ಲಕ್ಷ 20 ಸಾವಿರ ರೂಪಾಯಿ. ಅದೇ ದುಡ್ಡಿಗೆ 25 ಸಾವಿರದ ಮೇಜಿನ ಆಸಿಲೋಸ್ಕೋಪ್ ಐದು ಕೂಡ ಬರುವುದಿಲ್ಲ. ಮೇಜಿನ ಸಾಧನಗಳು ಬೇಡವೆಂದಲ್ಲ. ವೇಗದ ಸಿಗ್ನಲ್ ನೋಡಲು ಅವು ಬೇಕೇ ಬೇಕು. ಶಿವಮೊಗ್ಗದ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜು 1980ರಿಂದ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ 1987ರಿಂದ ಇವೆ. ದೊಡ್ಡ ಸಾಧನಗಳಿಗೆ ಅಂಥ ಜಾಗಗಳೇ ಸರಿ. ಆದರೆ ತರೀಕೆರೆ, ಹೊನ್ನಾಳಿ, ಶಿಕಾರಿಪುರ ಕಡೆಯಿಂದ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗೆ ಲ್ಯಾಬಿನ ಹೊತ್ತು ಮುಗಿದ ಮೇಲೆ ಅಲ್ಲಿ ಉಳಿಯುವ ದಾರಿಯಿಲ್ಲ. ರಾತ್ರಿ ಊಟ ಮುಗಿಸಿ ಮನೆಯ ಕೆಟ್ಟ ಚಾರ್ಜರನ್ನು ನೋಡೋಣ ಎನ್ನಿಸಿದಾಗ ಸಾಧನ ಕೈಗೆ ಸಿಗಬೇಕು. ಲ್ಯಾಬಿನಲ್ಲಿ ಪ್ರಶ್ನೆ ಮೇಷ್ಟ್ರದು, ಮನೆಯಲ್ಲಿ ಪ್ರಶ್ನೆ ಮಕ್ಕಳದೇ.

ಹೈಸ್ಕೂಲುಗಳಿಗೆ ಹೊಸ ದುಡ್ಡು ಹುಡುಕುವ ಅಗತ್ಯವೂ ಇಲ್ಲ. ನೀತಿ ಆಯೋಗ 2016ರಲ್ಲಿ ಶುರುಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಇಂಥ 50 ಸಾವಿರ ಲ್ಯಾಬ್‌ಗಳನ್ನು ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಮಾಡುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ತ್ರೀಡಿ ಪ್ರಿಂಟರು, ರೋಬೋ ಕಿಟ್ಟುಗಳ ಜೊತೆಗೆ ಹತ್ತು ಪುಟ್ಟ ಆಸಿಲೋಸ್ಕೋಪ್ ಸೇರಿಸುವುದು ದೊಡ್ಡ ಹೊರೆಯಲ್ಲ. ಕಂಪ್ಯೂಟರ್ ಇರುವ ಶಾಲೆಗೆ ನಮ್ಮದೇ ದೇಶದ ಇನ್ನೊಂದು ಒಳ್ಳೆಯ ಸಾಧನವೂ ಇದೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದವರು ರೂಪಿಸಿದ ಎಕ್ಸ್‌ಪೈಸ್ ಎಂಬ ಪುಟ್ಟ ಪೆಟ್ಟಿಗೆ ಯುಎಸ್‌ಬಿಯಲ್ಲಿ ಸಿಕ್ಕಿಸಿದರೆ ಕಂಪ್ಯೂಟರನ್ನೇ ಆಸಿಲೋಸ್ಕೋಪ್ ಮಾಡುತ್ತದೆ. ಅದರ ವಿನ್ಯಾಸವೂ ತಂತ್ರಾಂಶವೂ ಎಲ್ಲರಿಗೂ ಮುಕ್ತ. ಬೆಸುಗೆಯ ಪಾಠ ಅದರಲ್ಲಿ ಇಲ್ಲ ಎಂಬುದೊಂದೇ ಕೊರತೆ, ಆದ್ದರಿಂದ ಹೈಸ್ಕೂಲಿಗೆ ಅದು, ಡಿಪ್ಲೊಮಾಗೆ ಡಿಎಸ್‌ಒ138 ಕಿಟ್ ಎಂದು ಹಂಚಿಕೊಳ್ಳಬಹುದು.

ಮೇಷ್ಟ್ರುಗಳ ಕಡೆಯಿಂದ ಬರುವ ಆಕ್ಷೇಪ ಊಹಿಸಬಹುದಾದದ್ದೇ. ಒಂದೇ ಚಾನೆಲ್, 200 ಕಿಲೋಹರ್ಟ್ಸ್, ಇದು ಆಟಿಕೆ. ಇದರಲ್ಲಿ ಕಲಿತು ಏನು ಮಾಡುತ್ತಾರೆ? ಈ ಮಾತಿನಲ್ಲಿ ಸತ್ಯವಿದೆ. ಮೊಬೈಲ್ ಬೋರ್ಡಿನ ವೇಗದ ಸಿಗ್ನಲ್ಲನ್ನು ಇದರಲ್ಲಿ ನೋಡಲಾಗದು, ಎರಡು ಸಿಗ್ನಲ್ ಹೋಲಿಸಲೂ ಆಗದು. ಆದರೆ ಟ್ರಿಗರ್ ಎಂದರೇನು, ಎಸಿ-ಡಿಸಿ ಕಪ್ಲಿಂಗ್ ಯಾವಾಗ, ಟೈಮ್‌ಬೇಸ್ ತಪ್ಪಿಟ್ಟರೆ ಗೆರೆ ಹೇಗೆ ಮೋಸಮಾಡುತ್ತದೆ ಎಂಬುದು ಎರಡು ಸಾವಿರದ ಸಾಧನಕ್ಕೂ ಎರಡು ಲಕ್ಷದ ಸಾಧನಕ್ಕೂ ಒಂದೇ. ಇಲ್ಲಿ ನೂರು ಸಲ ತಪ್ಪಿ ಕಲಿತವರು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಟ್ಟು ನಿಂತ ಯಂತ್ರದ ಮುಂದೆ ದೊಡ್ಡ ಸಾಧನ ಕೈಗೆ ಬಂದಾಗ ಹಿಂಜರಿಯುವುದಿಲ್ಲ.

ಕೊಳ್ಳುವಾಗ ಎಚ್ಚರ ಬೇಕಾದದ್ದು ಇನ್ನೊಂದಿದೆ. ಡಿಎಸ್‌ಒ138ಕ್ಕೆ ನಕಲುಗಳು ವಿಪರೀತ. ನಕಲಿ ಬೋರ್ಡುಗಳಿಗೆ ತನ್ನ ಹೊಸ ತಂತ್ರಾಂಶ ಕೊಡುವುದಿಲ್ಲ ಎಂದು ಮೂಲ ಕಂಪನಿ ಹೇಳಿಕೊಂಡೇ ಬಂದಿದೆ. ಕಾಲೇಜುಗಳು ಒಂದೊಂದಾಗಿ ತರಿಸುವ ಬದಲು ಜಿಲ್ಲೆಯ ಪಾಲಿಟೆಕ್ನಿಕ್‌ಗಳೆಲ್ಲ ಒಟ್ಟಿಗೆ ಸೇರಿ ಅಸಲಿಯನ್ನೇ ತರಿಸಿದರೆ ಬೆಲೆಯೂ ಇಳಿಯುತ್ತದೆ. ಜೊತೆಗೆ ಬಿಡಿಭಾಗಗಳ ಒಂದು ದಾಸ್ತಾನು ಇರಬೇಕು: ಟಿಎಲ್084 ಐಸಿ, ಆ ಎರಡು ರೆಗ್ಯುಲೇಟರುಗಳು, ತಳ್ಳುವ ಸ್ವಿಚ್ಚುಗಳು, ಒಂದಷ್ಟು ಬಿಎನ್‌ಸಿ ಸಾಕೆಟ್. ಮಕ್ಕಳು ಮೊದಲು ಸುಡುವುದು ಇವನ್ನೇ; ಸಪ್ಲೈ 10 ವೋಲ್ಟ್ ದಾಟಿದರೆ ಐಸಿಗಳು ಬಿಸಿಯಾಗುತ್ತವೆ ಎಂಬ ಎಚ್ಚರಿಕೆಯನ್ನು ಓದದೆ 12 ವೋಲ್ಟ್ ಅಡಾಪ್ಟರ್ ಸಿಕ್ಕಿಸುವವರು ಪ್ರತಿ ತರಗತಿಯಲ್ಲೂ ಇಬ್ಬರಾದರೂ ಇರುತ್ತಾರೆ. ಸುಟ್ಟವರಿಗೆ ದಂಡ ಹಾಕಬಾರದು. ಹೊಸ ಐಸಿ ಕೊಟ್ಟು, ಹಳೆಯದನ್ನು ಕಿತ್ತು ಹೊಸದನ್ನು ಬೆಸೆಯಲು ಅದೇ ಮೇಜಿನಲ್ಲಿ ಕೂರಿಸಬೇಕು.